ನಮ್ಮ ಎಂಪಿ ಯಾವ ಬಟನ್ ಒತ್ತಿದರು? ಸದನದ ಮತದಾಖಲೆ ಕೊಡುವ ವೆಬ್‌ಸೈಟ್‌ಗಳ ವಿಮರ್ಶೆ

ಸಂಸತ್ತಿನಲ್ಲಿ ದೊಡ್ಡ ಮಸೂದೆ ಪಾಸಾದ ಮರುದಿನ ಟೀವಿಯಲ್ಲಿ ಎರಡು ಅಂಕಿ ಬರುತ್ತವೆ, ಪರ ಇಷ್ಟು, ವಿರುದ್ಧ ಇಷ್ಟು. ಆ ಅಂಕಿಯೊಳಗೆ ನಮ್ಮ ಕ್ಷೇತ್ರದ ಎಂಪಿ ಎಲ್ಲಿದ್ದಾರೆ, ಅವರು ಹಾಕಿದ್ದು ತಮ್ಮ ಮನಸ್ಸಿನ ಮತವೋ ಹೈಕಮಾಂಡ್ ಹೇಳಿದ ಮತವೋ ಎಂದು ತಿಳಿಯಬೇಕಾದರೆ ಎಲ್ಲಿ ನೋಡಬೇಕು? ಅದಕ್ಕೆ ಒದಗುವ ಸೇವೆಗಳನ್ನು ಇಲ್ಲಿ ಒಂದೊಂದಾಗಿ ನೋಡಿದೆ. ಲೋಕಸಭೆ, ರಾಜ್ಯಸಭೆ ಎರಡಕ್ಕೂ ಸೇರಿದ ಡಿಜಿಟಲ್ ಸಂಸದ್ ತಾಣ, ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಶೋಧನಾ ಸಂಸ್ಥೆ ನಡೆಸುವ ಎಂಪಿ ಟ್ರ್ಯಾಕ್, ಕರ್ನಾಟಕ ವಿಧಾನಮಂಡಲದ ತಾಣ, ಹೋಲಿಕೆಗೆ ಬ್ರಿಟನ್ ಸಂಸತ್ತಿನ ಕಾಮನ್ಸ್ ವೋಟ್ಸ್. ನಾಲ್ಕೂ ಉಚಿತ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮತವಿಭಜನೆ, ಅಂದರೆ ಯಾರು ಪರ ಯಾರು ವಿರುದ್ಧ ಎಂದು ಎಣಿಸುವ ಮತದಾನ, ನಡೆದಿದ್ದರೆ ಡಿಜಿಟಲ್ ಸಂಸದ್‌ನಲ್ಲಿ ಹೆಸರುಗಳು ಸಿಗುತ್ತವೆ, ಆದರೆ ಕೈಯಾರೆ ಹೆಕ್ಕಬೇಕು. ಮತವಿಭಜನೆ ನಡೆಯದಿದ್ದರೆ ಯಾವ ತಾಣವೂ ನಿಮಗೆ ನೆರವಾಗದು, ಏಕೆಂದರೆ ದಾಖಲೆಯೇ ಹುಟ್ಟಿರುವುದಿಲ್ಲ. ಇನ್ನು ಪಕ್ಷ ಹೊರಡಿಸಿದ ವಿಪ್, ಅಂದರೆ ಆ ಮತದ ಹಿಂದಿನ ಆದೇಶ, ನಾಲ್ಕರಲ್ಲಿ ಒಂದರಲ್ಲೂ ಇಲ್ಲ. ವಿಪ್ ಕಾಣದ ಮತದಾಖಲೆ ಅರ್ಧ ದಾಖಲೆ ಎಂಬುದೇ ಈ ವಿಮರ್ಶೆಯ ಮುಖ್ಯ ತಕರಾರು.

ಮೊದಲು ಡಿಜಿಟಲ್ ಸಂಸದ್. ಬಳಸುವ ಕ್ರಮ ಹೀಗೆ. ತಾಣದಲ್ಲಿ ಲೋಕಸಭೆಯನ್ನೋ ರಾಜ್ಯಸಭೆಯನ್ನೋ ಆರಿಸಿ, ಚರ್ಚೆಗಳ ವಿಭಾಗಕ್ಕೆ ಹೋಗಿ, ಎಷ್ಟನೇ ಲೋಕಸಭೆ, ಯಾವ ಅಧಿವೇಶನ, ಯಾವ ದಿನಾಂಕ ಎಂದು ಒತ್ತಿದರೆ ಆ ದಿನದ ಕಲಾಪದ ಪಿಡಿಎಫ್ ಬರುತ್ತದೆ. ದಿನಾಂಕ ಗೊತ್ತಿಲ್ಲದಿದ್ದರೆ ಮಸೂದೆಗಳ ವಿಭಾಗದಲ್ಲಿ ಮಸೂದೆಯ ಹೆಸರು ಹುಡುಕಿ, ಅದು ಪಾಸಾದ ದಿನ ನೋಡಿಕೊಂಡು ವಾಪಸ್ ಬನ್ನಿ. ಪಿಡಿಎಫ್ ನೂರಾರು ಪುಟ ಇರುತ್ತದೆ, ಗಾಬರಿ ಬೇಡ. ಒಳಗೆ ಡಿವಿಷನ್ ಎಂಬ ಇಂಗ್ಲಿಷ್ ಪದವನ್ನು ಸರ್ಚ್ ಮಾಡಿದರೆ ನೇರ ಮತಪಟ್ಟಿಗೇ ಬಂದು ನಿಲ್ಲುತ್ತೀರಿ. ಪರ ಹಾಕಿದವರ ಹೆಸರು ಒಂದು ಕಡೆ, ವಿರುದ್ಧ ಇನ್ನೊಂದು ಕಡೆ, ತಟಸ್ಥರಿದ್ದರೆ ಅವರ ಹೆಸರು ಕೊನೆಗೆ. ಒಂದೇ ಮಸೂದೆಗೆ ಹಲವು ಪಟ್ಟಿಗಳಿರಬಹುದು: ಪರಿಗಣನೆಗೆ ಎತ್ತಿಕೊಳ್ಳುವಾಗ ಒಂದು, ತಿದ್ದುಪಡಿಗಳಿಗೆ ಕೆಲವು, ಅಂಗೀಕಾರಕ್ಕೆ ಒಂದು. ಅಂಗೀಕಾರದ ಪಟ್ಟಿಯೊಂದನ್ನೇ ನೋಡಿ ಮುಚ್ಚಬೇಡಿ. ಒಳಗಿನ ಅಸಮಾಧಾನ ಯಾವಾಗಲಾದರೂ ಇಣುಕುವುದಿದ್ದರೆ ತಿದ್ದುಪಡಿಗಳ ಮತದಲ್ಲಿ ಇಣುಕುವ ಸಂಭವ ಹೆಚ್ಚು.

ಹೆಸರು ಹುಡುಕುವಾಗ ಎಡವುವ ಜಾಗ ಕಾಗುಣಿತ. ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ. ಧಾರವಾಡದ ಎಂಪಿಯನ್ನು ಹುಡುಕುವವರು ಪ್ರಹ್ಲಾದ್ ಎಂದು ಟೈಪ್ ಮಾಡಿದರೆ ಸಿಗುವುದಿಲ್ಲ, ಅಧಿಕೃತ ಕಾಗುಣಿತ ಪ್ರಲ್ಹಾದ್. ಅದಕ್ಕೇ ಜೋಶಿ ಎಂಬಂಥ ಅಡ್ಡಹೆಸರಿನಿಂದ, ಅಥವಾ ಹೆಸರಿನ ನಾಲ್ಕೈದು ಅಕ್ಷರದ ತುಣುಕಿನಿಂದ ಹುಡುಕುವುದು ವಾಸಿ. ಪಟ್ಟಿಯಲ್ಲಿ ಪಕ್ಷದ ಹೆಸರಿಲ್ಲ. ನೂರಾರು ಹೆಸರುಗಳ ನಡುವೆ ಯಾರು ಪಕ್ಷದ ಸಾಲು ಬಿಟ್ಟರು ಎಂದು ನೋಡಬೇಕಾದರೆ ಸದಸ್ಯರ ಪುಟದಿಂದ ಪಕ್ಷ, ಕ್ಷೇತ್ರ ಎರಡನ್ನೂ ತಂದು ಎಕ್ಸೆಲ್‌ನಲ್ಲಿ ಪಕ್ಕಕ್ಕೆ ಹಾಕಿಕೊಳ್ಳಬೇಕು. ಒಬ್ಬ ಸದಸ್ಯರ ಹೆಸರು ಒತ್ತಿದರೆ ಅವರ ಈವರೆಗಿನ ಮತಗಳೆಲ್ಲ ಸಾಲಾಗಿ ಬರುವ ಪುಟ ಇಲ್ಲಿಲ್ಲ. ಅವರು ಕೇಳಿದ ಪ್ರಶ್ನೆಗಳು ಹಾಗೆ ಸಾಲಾಗಿ ಬರುತ್ತವೆ, ಮತಗಳು ಬರುವುದಿಲ್ಲ. ಈ ಸೇವೆಯ ದೊಡ್ಡ ಕೊರತೆ ಇದು. ಹೆಸರು, ಮತ, ದಿನಾಂಕ ಮೂರೂ ಸಚಿವಾಲಯದ ಬಳಿ ಇರುವಾಗ ಅವನ್ನು ಪಿಡಿಎಫ್ ಒಳಗೆ ಹೂತಿಡಲು ಕಾರಣವೇ ಇಲ್ಲ.

ಪಟ್ಟಿಯ ಕೆಳಗಿನ ಅಡಿಟಿಪ್ಪಣಿಗಳನ್ನು ತಪ್ಪದೆ ಓದಿ. ಮತಯಂತ್ರದ ಫಲಿತಾಂಶ ಮೊದಲು ಪರದೆ ಮೇಲೆ ಬರುತ್ತದೆ. ಯಂತ್ರ ಕೈಕೊಟ್ಟವರು, ತಪ್ಪು ಬಟನ್ ಒತ್ತಿದವರು ಚೀಟಿಯಲ್ಲಿ ಬರೆದು ಸರಿಪಡಿಸುತ್ತಾರೆ. ಹೌದು ಎನ್ನಲು ಹಸಿರು ಚೀಟಿ, ಇಲ್ಲ ಎನ್ನಲು ಕೆಂಪು, ತಟಸ್ಥಕ್ಕೆ ಹಳದಿ, ಅದರ ಮೇಲೆ ಸದಸ್ಯರ ಸಹಿ. 2024ರ ಡಿಸೆಂಬರ್ 17ರಂದು ಒಂದು ದೇಶ ಒಂದು ಚುನಾವಣೆಗೆ ಸಂಬಂಧಿಸಿದ ಸಂವಿಧಾನ ತಿದ್ದುಪಡಿ ಮಸೂದೆ ಮಂಡನೆಯಾದಾಗ, ಹೊಸ ಸಂಸತ್ ಭವನದಲ್ಲಿ ಮೊದಲ ಸಲ ಎಲೆಕ್ಟ್ರಾನಿಕ್ ಮತದಾನ ನಡೆಯಿತು. ಪರದೆ ತೋರಿಸಿದ್ದು 220 ಪರ, 149 ವಿರುದ್ಧ. ಚೀಟಿಗಳನ್ನೂ ಎಣಿಸಿದ ಮೇಲೆ ಅದು 269 ಮತ್ತು 198 ಆಯಿತು. ಅಂದರೆ 98 ಮತಗಳು ಚೀಟಿಯಿಂದ ಬಂದವು. ಟೀವಿ ಪರದೆಯ ಫೋಟೋ ಇಟ್ಟುಕೊಂಡು ನಮ್ಮ ಎಂಪಿ ಮತ ಹಾಕಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತಿದ್ದಿದ ಪಟ್ಟಿ ಬರುವ ತನಕ ಕಾಯಿರಿ.

ಇನ್ನು ದಾಖಲೆಯೇ ಇಲ್ಲದ ಮತಗಳ ವಿಷಯ. ಲೋಕಸಭೆಯ ನಿಯಮ 367ರ ಪ್ರಕಾರ ಸ್ಪೀಕರ್ ಮೊದಲು ಧ್ವನಿಮತಕ್ಕೆ ಹಾಕುತ್ತಾರೆ. ಹೌದು ಎನ್ನುವವರ ಕೂಗು ಜೋರಾಗಿ ಕೇಳಿದರೆ ಅಂಗೀಕಾರ. ಅದನ್ನು ಯಾರಾದರೂ ಪ್ರಶ್ನಿಸಿದರೆ ಲಾಬಿ (ಸದನದ ಮೊಗಸಾಲೆ) ತೆರವಿಗೆ ಆದೇಶ, ಗಂಟೆ, ಮೂರೂವರೆ ನಿಮಿಷದ ಕಾಯುವಿಕೆ, ಪ್ರಶ್ನೆ ಮತ್ತೊಮ್ಮೆ ಸದನದ ಮುಂದೆ. ಆಗಲೂ ಪ್ರಶ್ನಿಸಿದರೆ ಯಂತ್ರದಿಂದಲೋ ಚೀಟಿಯಿಂದಲೋ ಲಾಬಿಗೆ ನಡೆದೋ ಮತವಿಭಜನೆ. ಇದೇ ನಿಯಮದೊಳಗೆ ಇನ್ನೊಂದು ಸಾಲಿದೆ, ಬಹಳ ಜನರಿಗೆ ಗೊತ್ತಿಲ್ಲ. ಅನಗತ್ಯವಾಗಿ ಮತವಿಭಜನೆ ಕೇಳುತ್ತಿದ್ದಾರೆ ಎಂದು ಸ್ಪೀಕರ್‌ಗೆ ಅನ್ನಿಸಿದರೆ, ಎರಡೂ ಕಡೆಯವರನ್ನು ಇದ್ದಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಿ ಫಲಿತಾಂಶ ಹೇಳಬಹುದು. ಹಾಗೆ ಮಾಡಿದಾಗ ಹೆಸರುಗಳನ್ನು ದಾಖಲಿಸುವುದಿಲ್ಲ. ಸಂವಿಧಾನ ತಿದ್ದುಪಡಿಗೆ ಮಾತ್ರ ಈ ದಾರಿ ಇಲ್ಲ, ಅದಕ್ಕೆ ವಿಶೇಷ ಬಹುಮತ ಬೇಕು, ಹಾಗಾಗಿ ಮತವಿಭಜನೆ ಕಡ್ಡಾಯ.

ಇದರ ಪರಿಣಾಮ ಎಷ್ಟು ದೊಡ್ಡದು ನೋಡಿ. 2020ರ ಕೃಷಿ ಮಸೂದೆಗಳು ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಧ್ವನಿಮತದಿಂದ ಪಾಸಾದವು. ವಿಪಕ್ಷದವರು ಮತವಿಭಜನೆ ಕೇಳಿದರು, ಅದು ನಡೆಯಲಿಲ್ಲ, ಗದ್ದಲವಾಯಿತು, ಮರುದಿನ ಎಂಟು ಸದಸ್ಯರ ಅಮಾನತು. ದೆಹಲಿ ಗಡಿಯಲ್ಲಿ ರೈತರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂರಿಸಿದ ಆ ಕಾಯ್ದೆಗಳಿಗೆ ಯಾವ ರಾಜ್ಯಸಭಾ ಸದಸ್ಯರು ಹೌದು ಎಂದರು ಎಂಬ ಹೆಸರುಪಟ್ಟಿ ಇವತ್ತಿಗೂ ಇಲ್ಲ. 2023ರ ಆಗಸ್ಟ್ 10ರ ಅವಿಶ್ವಾಸ ನಿರ್ಣಯವೂ ಧ್ವನಿಮತದಲ್ಲೇ ಬಿತ್ತು, ಏಕೆಂದರೆ ಆ ಹೊತ್ತಿಗೆ ವಿಪಕ್ಷಗಳು ಸಭಾತ್ಯಾಗ ಮಾಡಿದ್ದವು. ಅದಕ್ಕೂ ಹಿಂದಿನದು, 2018ರ ಜುಲೈ 20ರದ್ದು, ಮತವಿಭಜನೆಗೆ ಹೋಗಿತ್ತು: ನಿರ್ಣಯದ ವಿರುದ್ಧ 325, ಪರ 126. 2024ರ ಜೂನ್ 26ರಂದು ಸ್ಪೀಕರ್ ಹುದ್ದೆಗೆ ಇಬ್ಬರು ಅಭ್ಯರ್ಥಿಗಳಿದ್ದರೂ ಓಂ ಬಿರ್ಲಾ ಆಯ್ಕೆಯಾದದ್ದು ಧ್ವನಿಮತದಿಂದ, ವಿಪಕ್ಷ ಮತವಿಭಜನೆಗೆ ಪಟ್ಟು ಹಿಡಿಯಲಿಲ್ಲ. ಧ್ವನಿಮತ ಎರಡೂ ಕಡೆಯ ನಾಯಕತ್ವಕ್ಕೆ ಒದಗಿಬರುವ ಸಾಧನ. ಆಳುವ ಪಕ್ಷಕ್ಕೆ ಮಿತ್ರಪಕ್ಷಗಳ ಮುಜುಗರ ತಪ್ಪುತ್ತದೆ, ವಿಪಕ್ಷಕ್ಕೆ ತನ್ನ ಬೆಂಚಿನ ಗೈರುಹಾಜರಿ ಬಯಲಾಗುವುದು ತಪ್ಪುತ್ತದೆ.

ಈಗ ವಿಪ್. ಒಂದು ಗೆರೆಯ ವಿಪ್ ಎಂದರೆ ಮತದಾನವಿದೆ ಎಂಬ ತಿಳಿವಳಿಕೆ. ಎರಡು ಗೆರೆಯದು ಹಾಜರಿರಿ ಎಂಬ ಸೂಚನೆ. ಮೂರು ಗೆರೆಯದು ಹಾಜರಿದ್ದು ಪಕ್ಷದ ನಿಲುವಿನಂತೆಯೇ ಮತ ಹಾಕಿ ಎಂಬ ಕಟ್ಟಾಜ್ಞೆ. ಒಂದು ಹಾಳೆಯ ಪತ್ರ, ಅದರ ಮುಖ್ಯ ಸಾಲಿನ ಕೆಳಗೆ ಮೂರು ಗೆರೆ, ಕೊನೆಗೆ ಮುಖ್ಯ ಸಚೇತಕರ ಸಹಿ. 1985ರ 52ನೇ ತಿದ್ದುಪಡಿಯಿಂದ ಬಂದ ಸಂವಿಧಾನದ ಹತ್ತನೇ ಅನುಸೂಚಿಯು, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಈ ಹಾಳೆಗೆ ಕಾನೂನಿನ ಬಲ ಕೊಟ್ಟಿತು. ಪಕ್ಷದ ನಿರ್ದೇಶನಕ್ಕೆ ವಿರುದ್ಧವಾಗಿ ಮತ ಹಾಕಿದರೂ, ಮತ ಹಾಕದೆ ಉಳಿದರೂ ಸದಸ್ಯತ್ವಕ್ಕೆ ಕುತ್ತು. ಮೊದಲೇ ಅನುಮತಿ ಪಡೆದಿದ್ದರೆ, ಇಲ್ಲವೇ 15 ದಿನದೊಳಗೆ ಪಕ್ಷವೇ ಮನ್ನಿಸಿದರೆ ಮಾತ್ರ ಪಾರು. ಈ 15 ದಿನದ ಅವಕಾಶವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಉಲ್ಲಂಘನೆ ಮಾಡಿದ ಕೂಡಲೇ ಸೀಟು ಹೋಗುವುದಿಲ್ಲ. ಯಾರನ್ನು ಮನ್ನಿಸಬೇಕು, ಯಾರ ಮೇಲೆ ದೂರು ಕೊಡಬೇಕು ಎಂಬ ಜುಟ್ಟು ನಾಯಕತ್ವದ ಕೈಯಲ್ಲಿರುತ್ತದೆ. ದೂರು ಹೋಗುವುದು ಸ್ಪೀಕರ್ ಬಳಿಗೆ, ಸ್ಪೀಕರ್ ಸಾಮಾನ್ಯವಾಗಿ ಆಳುವ ಪಕ್ಷದವರು. 2020ರ ಕೀಶಮ್ ಮೇಘಚಂದ್ರ ಪ್ರಕರಣದಲ್ಲಿ ಇಂಥ ದೂರು ತೀರ್ಮಾನಿಸಲು ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವನ್ನು ಹೇಳಿದ ಮೇಲೂ ವರ್ಷಗಟ್ಟಲೆ ಕೊಳೆತ ಅರ್ಜಿಗಳಿವೆ.

ಸುಪ್ರೀಂ ಕೋರ್ಟಿನ 1992ರ ಕಿಹೋಟೊ ಹೊಲೊಹಾನ್ ತೀರ್ಪು ಈ ಅನುಸೂಚಿಯನ್ನು ಎತ್ತಿಹಿಡಿಯುವಾಗಲೇ, ಸರ್ಕಾರದ ಉಳಿವಿನ ಪ್ರಶ್ನೆ ಮತ್ತು ಪಕ್ಷದ ಮೂಲ ನೀತಿ, ಕಾರ್ಯಕ್ರಮಗಳಿಗೆ ಸಂಬಂಧಿಸಿದ ಮತಗಳಿಗಷ್ಟೇ ಈ ಬಗೆಯ ವಿಪ್ ಸೀಮಿತವಾಗಿರಲಿ ಎಂದು ಹೇಳಿತ್ತು. 1990ರ ದಿನೇಶ್ ಗೋಸ್ವಾಮಿ ಸಮಿತಿ, 1999ರ ಕಾನೂನು ಆಯೋಗದ 170ನೇ ವರದಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. 2010ರಲ್ಲಿ ಮನೀಶ್ ತಿವಾರಿ ಇದೇ ಉದ್ದೇಶದ ಖಾಸಗಿ ಮಸೂದೆ ತಂದರು. ಯಾವುದೂ ಜಾರಿಗೆ ಬರಲಿಲ್ಲ, ವಿಪ್ ಎಲ್ಲದಕ್ಕೂ ಬರುತ್ತಲೇ ಇದೆ. ಹೀಗಿರುವಾಗ ಎಂಪಿಯ ಹೆಸರಿನ ಮುಂದೆ ಹೌದು ಎಂದು ಕಂಡರೆ ಅದು ಅವರ ಅಭಿಪ್ರಾಯವೆಂದು ಹೇಗೆ ಹೇಳುವುದು? ಅವತ್ತು ಮೂರು ಗೆರೆಯ ವಿಪ್ ಇತ್ತೇ, ಇರಲಿಲ್ಲವೇ ಎಂಬ ಒಂದೇ ಒಂದು ಕಾಲಂ ಸಾಕು, ಪಟ್ಟಿಯ ಅರ್ಥವೇ ಬದಲಾಗುತ್ತದೆ.

ಎಷ್ಟು ಬದಲಾಗುತ್ತದೆ ಎಂಬುದಕ್ಕೆ 2025ರ ಏಪ್ರಿಲ್‌ನ ವಕ್ಫ್ ತಿದ್ದುಪಡಿ ಮಸೂದೆ ಹತ್ತಿರದ ಉದಾಹರಣೆ. ರಾಜ್ಯಸಭೆಯಲ್ಲಿ 128 ಪರ, 95 ವಿರುದ್ಧ. ಮಸೂದೆಯನ್ನು ವಿರೋಧಿಸುತ್ತಿದ್ದ ಬಿಜು ಜನತಾದಳ ಕೊನೆಗಳಿಗೆಯಲ್ಲಿ ವಿಪ್ ಇಲ್ಲ, ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂದಿತು. ಪಕ್ಷದೊಳಗೆ ಜಗಳ ಎದ್ದಿತು. ಆ ಪಕ್ಷದ ಸದಸ್ಯರ ಮತ ಅವತ್ತು ಅವರ ಸ್ವಂತದ್ದು, ಪಕ್ಕದಲ್ಲಿ ಕೂತ ಕಾಂಗ್ರೆಸ್ಸಿನವರ ಅಥವಾ ಬಿಜೆಪಿಯವರ ಮತ ಪಕ್ಷದ್ದು. ದಾಖಲೆಯಲ್ಲಿ ಎರಡೂ ಒಂದೇ ಅಕ್ಷರದಲ್ಲಿ ಅಚ್ಚಾಗಿರುತ್ತವೆ. ಇದರ ಇನ್ನೊಂದು ತುದಿ 2019ರ ಆಗಸ್ಟ್ 5. 370ನೇ ವಿಧಿಯ ವಿಷಯದಲ್ಲಿ ರಾಜ್ಯಸಭೆಯಲ್ಲಿ ಕಾಂಗ್ರೆಸ್ಸಿನ ಮುಖ್ಯ ಸಚೇತಕರಾಗಿದ್ದ ಭುವನೇಶ್ವರ ಕಲಿತಾ, ವಿಪ್ ಹೊರಡಿಸಬೇಕಾದವರೇ, ಅದನ್ನು ಹೊರಡಿಸುವ ಬದಲು ರಾಜ್ಯಸಭೆಗೇ ರಾಜೀನಾಮೆ ಕೊಟ್ಟರು. ಜಮ್ಮು ಕಾಶ್ಮೀರ ಪುನರ್ವಿಂಗಡಣೆ ಮಸೂದೆ 125-61ರಿಂದ ಪಾಸಾಯಿತು. ಮತಪಟ್ಟಿಯನ್ನು ಮಾತ್ರ ಓದಿದವರಿಗೆ ಈ ಸಂಗತಿ ಕಾಣುವುದೇ ಇಲ್ಲ.

ವಿಪ್ ಕಾಣದಿದ್ದರೂ ಅದರ ಹೆಜ್ಜೆಗುರುತು ಹಿಡಿಯುವ ಒಂದು ಉಪಾಯವಿದೆ. ಒಟ್ಟು ಮತವನ್ನು 543ರಿಂದ ಕಳೆಯಿರಿ. ಲೋಕಸಭೆಯಲ್ಲಿ ವಕ್ಫ್ ಮಸೂದೆಗೆ ಬಿದ್ದದ್ದು 288 ಮತ್ತು 232, ಒಟ್ಟು 520. ಅದೂ ಮಧ್ಯರಾತ್ರಿ ಕಳೆದ ಮೇಲೆ. ಮತ ಹಾಕದವರು 23, ಅದರಲ್ಲಿ ಸ್ಪೀಕರ್ ಮತ್ತು ಖಾಲಿ ಸ್ಥಾನಗಳೂ ಸೇರಿವೆ. ಮಹಿಳಾ ಮೀಸಲು ಮಸೂದೆಗೆ 2023ರ ಸೆಪ್ಟೆಂಬರ್ 20ರಂದು 454 ಪರ, 2 ವಿರುದ್ಧ, ಒಟ್ಟು 456, ಮತ ಹಾಕದವರ ಲೆಕ್ಕ 87. ಒಂದು ದೇಶ ಒಂದು ಚುನಾವಣೆಯ ಮಂಡನೆಗೆ ಒಟ್ಟು 467, ಹೊರಗುಳಿದದ್ದು 76. ಗೆಲುವು ಖಚಿತವಿದ್ದಾಗ ಬೆಂಚು ಖಾಲಿ, ಪೈಪೋಟಿ ಇದ್ದಾಗ ಸರಿರಾತ್ರಿಯಲ್ಲೂ ಭರ್ತಿ. ಸಚೇತಕರ ನಿಜವಾದ ಕೆಲಸ ನಡೆಯುವುದು ಹಾಜರಾತಿಯಲ್ಲಿ. ಬಟನ್ ಒತ್ತುವ ಹೊತ್ತಿಗೆ ಅವರ ಕೆಲಸ ಮುಗಿದಿರುತ್ತದೆ.

ರಾಜಕೀಯ ಶಾಸ್ತ್ರದವರು ಪಕ್ಷದ ಒಗ್ಗಟ್ಟು ಅಳೆಯಲು ಬಳಸುವ ರೈಸ್ ಸೂಚ್ಯಂಕವನ್ನು ಇಲ್ಲಿ ಹಾಕಿ ನೋಡುವವರಿಗೆ ಒಂದು ಎಚ್ಚರಿಕೆ. ಲೆಕ್ಕ ಸುಲಭ: ಒಂದು ಪಕ್ಷದ ಪರ ಮತಕ್ಕೂ ವಿರುದ್ಧ ಮತಕ್ಕೂ ಇರುವ ವ್ಯತ್ಯಾಸವನ್ನು ಆ ಪಕ್ಷದ ಒಟ್ಟು ಮತದಿಂದ ಭಾಗಿಸುವುದು. ನೂರು ಜನರಲ್ಲಿ 95 ಹೌದು, 5 ಇಲ್ಲ ಆದರೆ 0.90. ಅರ್ಧಕ್ಕರ್ಧ ಒಡೆದರೆ ಸೊನ್ನೆ. ಅಮೆರಿಕದ ಕಾಂಗ್ರೆಸ್ಸಿಗೆ, ಬ್ರಿಟನ್ನಿಗೆ ಇದು ಉಪಯುಕ್ತ. ನಮ್ಮ ಲೋಕಸಭೆಗೆ ಹಾಕಿದರೆ ಸುಮಾರಾಗಿ ಎಲ್ಲ ಪಕ್ಷಕ್ಕೂ 1 ಬರುತ್ತದೆ, ಏಕೆಂದರೆ ಪಕ್ಷದ ನಿಲುವು ಒಪ್ಪದವರು ವಿರುದ್ಧ ಹಾಕುವುದಿಲ್ಲ, ಬಾರದೇ ಉಳಿಯುತ್ತಾರೆ. ಸೂಚ್ಯಂಕ ಗೈರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಎಕ್ಸೆಲ್‌ನಲ್ಲಿ ಹೌದು, ಇಲ್ಲ, ತಟಸ್ಥದ ಜೊತೆ ಗೈರು ಎಂಬ ನಾಲ್ಕನೇ ಗುಂಪು ಇರಲೇಬೇಕು. ಆ ಗುಂಪಿನಲ್ಲಿ ಕಾಯಿಲೆಯವರು, ವಿದೇಶದಲ್ಲಿದ್ದವರು, ಸಭಾತ್ಯಾಗ ಮಾಡಿದವರು, ಬೇಕೆಂದೇ ತಪ್ಪಿಸಿಕೊಂಡವರು ಎಲ್ಲರೂ ಬೆರೆತಿರುತ್ತಾರೆ. ಪಟ್ಟಿ ಅವರನ್ನು ಬಿಡಿಸಿ ಹೇಳುವುದಿಲ್ಲ. 2016ರಲ್ಲಿ ಜಿಎಸ್‌ಟಿ ತಿದ್ದುಪಡಿ ರಾಜ್ಯಸಭೆಯಲ್ಲಿ 203-0 ಆಯಿತು, ನೋಡಿದರೆ ಸರ್ವಾನುಮತ. ಅಣ್ಣಾ ಡಿಎಂಕೆ ಸಭಾತ್ಯಾಗ ಮಾಡಿತ್ತು ಎಂಬುದು ಆ ಸೊನ್ನೆಯಲ್ಲಿ ಎಲ್ಲಿ ಕಾಣುತ್ತದೆ?

ಪಿಆರ್‌ಎಸ್‌ನ ಎಂಪಿ ಟ್ರ್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೋಡಲು ಅಚ್ಚುಕಟ್ಟು, ಹೆಸರು ಒತ್ತಿದರೆ ಹಾಜರಾತಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆ, ರಾಜ್ಯದ ಸರಾಸರಿ, ದೇಶದ ಸರಾಸರಿ ಎಲ್ಲ ಒಂದೇ ಪುಟದಲ್ಲಿ. ಚುನಾವಣೆ ಹೊತ್ತಿನಲ್ಲಿ ಕನ್ನಡ ಪತ್ರಿಕೆಗಳು ಪ್ರಕಟಿಸುವ ಎಂಪಿ ರಿಪೋರ್ಟ್ ಕಾರ್ಡುಗಳ ಮೂಲ ಬಹುಪಾಲು ಇದೇ. ಆದರೆ ಮತದ ಕಾಲಂ ಇಲ್ಲ. ಸಚಿವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಹಾಗಾಗಿ ಸಚಿವರಾದ ಎಂಪಿಯ ಹಾಜರಿ ಖಾಲಿ ಇದ್ದರೆ ಅದು ಗೈರಲ್ಲ. ಮಸೂದೆ ಏನೆಂದು ತಿಳಿಯಲು ಪಿಆರ್‌ಎಸ್‌ನ ಟಿಪ್ಪಣಿ ಓದಿ, ಮತ ತಿಳಿಯಲು ಡಿಜಿಟಲ್ ಸಂಸದ್‌ಗೆ ಹೋಗಿ. ಎರಡನ್ನೂ ಜೋಡಿಸಿ ಬಳಸಿದರೆ ಮಾತ್ರ ಪ್ರಯೋಜನ.

ಕರ್ನಾಟಕ ವಿಧಾನಮಂಡಲದ ತಾಣದ ಪರಿಸ್ಥಿತಿ ಬೇರೆ. ಕಲಾಪದ ನಡವಳಿಕೆಗಳು ಕನ್ನಡದಲ್ಲಿ ಸಿಗುತ್ತವೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಹಳೆಯ ಸಂಪುಟಗಳು ಸ್ಕ್ಯಾನ್ ಮಾಡಿದ ಪುಟಗಳು, ಪದ ಹುಡುಕಲು ಬರುವುದಿಲ್ಲ, ಪುಟ ತಿರುಗಿಸುತ್ತಾ ಓದಬೇಕು. ಕೊರತೆ ತಾಣದ್ದಕ್ಕಿಂತ ಸದನದ್ದು. ವಿಧಾನಸಭೆಯಲ್ಲಿ ಮಸೂದೆಗಳು ಬಹುತೇಕ ಧ್ವನಿಮತದಲ್ಲೇ ಮುಗಿಯುತ್ತವೆ. 2021ರ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ಮತಾಂತರ ನಿಷೇಧ ಮಸೂದೆ ಪಾಸಾದದ್ದು ಗದ್ದಲದ ನಡುವೆ ಧ್ವನಿಮತದಿಂದ. ಅದಕ್ಕೂ ಮುಂಚೆ ಅದೇ ವರ್ಷದ ಫೆಬ್ರವರಿಯಲ್ಲಿ ಗೋಹತ್ಯೆ ನಿಷೇಧ ಮಸೂದೆ ವಿಧಾನ ಪರಿಷತ್ತು ದಾಟಿದ್ದೂ ಹಾಗೆಯೇ. 224 ಶಾಸಕರಲ್ಲಿ, 75 ಪರಿಷತ್ ಸದಸ್ಯರಲ್ಲಿ ಯಾರು ಎತ್ತ ಎಂಬ ಹೆಸರುಪಟ್ಟಿ ಹುಡುಕಬೇಡಿ, ಸಿಗುವುದಿಲ್ಲ.

ಎಣಿಕೆ ನಡೆಯುವುದು ಸರ್ಕಾರ ಉಳಿಯುವ, ಬೀಳುವ ಹೊತ್ತಿನಲ್ಲಿ. 2019ರ ಜುಲೈ 23ರ ಸಂಜೆ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ. ಯಂತ್ರವಿಲ್ಲ. ಸಾಲುಸಾಲಾಗಿ ಎದ್ದು ನಿಲ್ಲಿಸಿ ಸಿಬ್ಬಂದಿ ತಲೆ ಎಣಿಸಿದರು. 99 ಪರ, 105 ವಿರುದ್ಧ. ಇಪ್ಪತ್ತು ಶಾಸಕರು ಸದನದಲ್ಲೇ ಇರಲಿಲ್ಲ. ಅವರ ಗೈರೇ ಆ ದಿನದ ನಿಜವಾದ ಮತ. ಇದಕ್ಕೆ ಆರು ದಿನ ಮುಂಚೆ, ಜುಲೈ 17ರಂದು, ರಾಜೀನಾಮೆ ಕೊಟ್ಟಿದ್ದ 15 ಶಾಸಕರನ್ನು ಕಲಾಪಕ್ಕೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತ್ತು. ಹಾಗಾದರೆ ನಾನು ಹೊರಡಿಸುವ ವಿಪ್‌ಗೆ ಬೆಲೆ ಏನು ಎಂದು ಕಾಂಗ್ರೆಸ್ ಶಾಸಕಾಂಗ ಪಕ್ಷದ ನಾಯಕ ಸಿದ್ದರಾಮಯ್ಯ ಸದನದಲ್ಲಿ ಕ್ರಿಯಾಲೋಪ ಎತ್ತಿದರು. ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವ ತನಕ ಸ್ಪರ್ಧಿಸುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12 ಬಿಜೆಪಿಗೆ. ಇನ್ನೊಂದು ಪಕ್ಷದ ಬಿ ಫಾರಂ ಖಚಿತವಿದ್ದರೆ ವಿಪ್‌ನ ಹೆದರಿಕೆ ಕೆಲವು ತಿಂಗಳ ಲೆಕ್ಕಾಚಾರ ಅಷ್ಟೇ ಎಂಬುದನ್ನು ಕರ್ನಾಟಕದಷ್ಟು ಸ್ಪಷ್ಟವಾಗಿ ತೋರಿಸಿದ ರಾಜ್ಯ ಕಡಿಮೆ. ನಾಯಕತ್ವದ ಹಿಡಿತ ಇರುವುದು ಬಿ ಫಾರಂನಲ್ಲಿ. ಹತ್ತನೇ ಅನುಸೂಚಿ ಅದಕ್ಕೆ ಹಾಕಿದ ಬೀಗ.

ರಾಜ್ಯಸಭಾ ಚುನಾವಣೆಯ ಅಡ್ಡ ಮತದಾನವನ್ನು ಇದರ ಜೊತೆ ಕಲಸಿಕೊಳ್ಳಬಾರದು, ಬಹಳ ಸುದ್ದಿಗಳಲ್ಲಿ ಈ ತಪ್ಪಾಗುತ್ತದೆ. ಅಲ್ಲಿ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು, ಆದರೆ ಅದು ಸದನದ ಕಲಾಪವಲ್ಲ, ವಿಪ್ ಮೀರಿದರೆಂದು ಅನರ್ಹತೆ ಬರುವುದಿಲ್ಲ. 2024ರ ಫೆಬ್ರವರಿ 27ರಂದು ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡ ಮತ ಹಾಕಿದರು, ಶಿವರಾಮ್ ಹೆಬ್ಬಾರ್ ಬರಲೇ ಇಲ್ಲ. ಪಕ್ಷ ಅವರನ್ನು ಉಚ್ಚಾಟಿಸಿದ್ದು 2025ರ ಮೇನಲ್ಲಿ. ಆ ಮತಕ್ಕಾಗಿ ಶಾಸಕ ಸ್ಥಾನ ಹೋಗಲಿಲ್ಲ.

ಹೋಲಿಕೆಗೆ ಬ್ರಿಟನ್. ಕಾಮನ್ಸ್ ವೋಟ್ಸ್ ತಾಣದಲ್ಲಿ ಮತವಿಭಜನೆ ಮುಗಿದ ಸ್ವಲ್ಪ ಹೊತ್ತಿಗೆ ಪಟ್ಟಿ ಬರುತ್ತದೆ. ಪ್ರತಿ ಹೆಸರಿನ ಜೊತೆ ಪಕ್ಷ, ಕ್ಷೇತ್ರ. ಮತ ದಾಖಲಾಗದವರ ಪಟ್ಟಿ ಬೇರೆ. ಒಬ್ಬ ಸದಸ್ಯರ ಹೆಸರು ಒತ್ತಿದರೆ ಅವರ ಮತಗಳ ಇತಿಹಾಸ. ನಮ್ಮ ತಾಣಕ್ಕೆ ಬೇಕಾದದ್ದು ಇಷ್ಟೇ. 2024ರ ಜುಲೈ 23ರಂದು ಎರಡು ಮಕ್ಕಳಿಗಷ್ಟೇ ಸರ್ಕಾರಿ ನೆರವು ಎಂಬ ಮಿತಿಯ ವಿಷಯದಲ್ಲಿ ಸ್ವಂತ ಸರ್ಕಾರದ ವಿರುದ್ಧ ಮತ ಹಾಕಿದ ಏಳು ಲೇಬರ್ ಸದಸ್ಯರ ಹೆಸರು ಅಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ. ಪಕ್ಷ ಅವರನ್ನು ಆರು ತಿಂಗಳು ಸಂಸದೀಯ ಪಕ್ಷದಿಂದ ಹೊರಗಿಟ್ಟಿತು, ಸಂಸತ್ ಸ್ಥಾನ ಮುಟ್ಟಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬ್ರೆಕ್ಸಿಟ್ ವಿಷಯಕ್ಕೆ 21 ಕನ್ಸರ್ವೇಟಿವ್ ಸದಸ್ಯರಿಗೂ ಹಾಗೆಯೇ ಆಯಿತು. ಮುಕ್ತ ಮತ ಎಂದು ಮೊದಲೇ ಘೋಷಿಸುವ ಪದ್ಧತಿಯೂ ಅಲ್ಲಿದೆ. 2024ರ ನವೆಂಬರ್ 29ರಂದು ನೆರವಿನ ಮರಣದ ಮಸೂದೆ 330-275 ಆದಾಗ ಎಲ್ಲ ದೊಡ್ಡ ಪಕ್ಷಗಳೂ ಒಳಗೊಳಗೇ ಒಡೆದವು. ವಿಪ್ ಪತ್ರವನ್ನು ಈ ತಾಣವೂ ಪ್ರಕಟಿಸುವುದಿಲ್ಲ, ಆದರೆ ಪಕ್ಷ ಬಿಟ್ಟು ಹೋದ ಮತ ಎದ್ದು ಕಾಣುವುದರಿಂದ ಓದುಗರು ಊಹಿಸಬಲ್ಲರು. ಐದರಲ್ಲಿ ಅಂಕ ಕೊಡುವುದಾದರೆ ಇದಕ್ಕೆ ನಾಲ್ಕೂವರೆ, ಡಿಜಿಟಲ್ ಸಂಸದ್‌ಗೆ ಎರಡೂವರೆ. ನಮ್ಮ ವಿಧಾನಮಂಡಲದ ತಾಣಕ್ಕೆ ಮತದಾಖಲೆ ಮಟ್ಟಿಗೆ ಒಂದು. ಎಂಪಿ ಟ್ರ್ಯಾಕ್‌ಗೆ ಈ ಕೆಲಸದಲ್ಲಿ ಅಂಕ ಕೊಡುವುದು ಅನ್ಯಾಯ, ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ.

ವಿಪ್ ಪತ್ರದ ಪ್ರತಿ ಬೇಕೇಬೇಕು ಎನ್ನುವವರಿಗೆ ಎರಡು ದಾರಿ. ಪಕ್ಷದಿಂದ ಕೇಳಿ ಪಡೆಯುವ ಆಸೆ ಬಿಡಿ. 2013ರ ಜೂನ್ 3ರಂದು ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳು ಆರ್‌ಟಿಐ ವ್ಯಾಪ್ತಿಗೆ ಬರುತ್ತವೆ ಎಂದರೂ ಅವು ಅದನ್ನು ಪಾಲಿಸಲಿಲ್ಲ. ಒಂದನೆಯ ದಾರಿ, ಅನರ್ಹತೆ ಅರ್ಜಿಗಳ ಮೇಲೆ ಸ್ಪೀಕರ್ ಕೊಟ್ಟ ಆದೇಶ ಮತ್ತು ಅದರ ಮೇಲಿನ ಕೋರ್ಟ್ ತೀರ್ಪುಗಳು. ವಿಪ್ ಯಾವತ್ತು ಹೊರಟಿತು, ಯಾರ ಸಹಿ, ಸದಸ್ಯರಿಗೆ ಹೇಗೆ ತಲುಪಿತು ಎಂಬುದೇ ಅಲ್ಲಿನ ವಿವಾದವಾದ್ದರಿಂದ ಪತ್ರದ ವಿವರ ಅವುಗಳಲ್ಲಿ ಬರುತ್ತದೆ. ಮಹಾರಾಷ್ಟ್ರದ ಶಿವಸೇನೆ ಒಡಕಿನ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2023ರ ಮೇ 11ರ ತೀರ್ಪನ್ನು ಇದಕ್ಕೆಂದೇ ಓದಬೇಕು, ಸಚೇತಕರನ್ನು ನೇಮಿಸುವ ಅಧಿಕಾರ ಶಾಸಕಾಂಗ ಪಕ್ಷದ್ದಲ್ಲ, ರಾಜಕೀಯ ಪಕ್ಷದ್ದು ಎಂದು ಹೇಳಿದ್ದು ಅದು.

ಎರಡನೆಯದು ಲೋಕಸಭೆಯ 1985ರ ಪಕ್ಷಾಂತರ ನಿಯಮಗಳ ಎರಡನೇ ನಮೂನೆ. ಸದಸ್ಯರು ನಿರ್ದೇಶನ ಮೀರಿ ಮತ ಹಾಕಿದರೆ ಅಥವಾ ಹಾಕದೆ ಉಳಿದರೆ, ಅದನ್ನು ಪಕ್ಷ ಮನ್ನಿಸಿದೆಯೋ ಇಲ್ಲವೋ ಎಂದು ಸಂಸದೀಯ ಪಕ್ಷದ ನಾಯಕರು ಮತದಾನದ ದಿನದಿಂದ 30 ದಿನದೊಳಗೆ ಈ ನಮೂನೆಯಲ್ಲಿ ಸ್ಪೀಕರ್‌ಗೆ ತಿಳಿಸಬೇಕು. ವಿಪ್ ಉಲ್ಲಂಘನೆ ಸರ್ಕಾರಿ ಕಾಗದದ ಮೇಲೆ ಬರುವ ಜಾಗ ಇದು. ಯಾವ ತಾಣವೂ ಇದನ್ನು ಹಾಕುವುದಿಲ್ಲ, ಆದರೆ ಲೋಕಸಭಾ ಸಚಿವಾಲಯ ಆರ್‌ಟಿಐ ವ್ಯಾಪ್ತಿಯಲ್ಲಿದೆ. ಅರ್ಜಿಯಲ್ಲಿ ಮಸೂದೆಯ ಹೆಸರು, ಮತವಿಭಜನೆಯ ದಿನಾಂಕ ಮತ್ತು ಕ್ರಮಸಂಖ್ಯೆ ನಮೂದಿಸಿ, ಆ ಮತದಾನಕ್ಕೆ ಸಂಬಂಧಿಸಿ ಬಂದ ಎರಡನೇ ನಮೂನೆಗಳ ಪ್ರತಿ ಕೊಡಿ ಎಂದು ಕೇಳಿ. ವಿಪ್ ಉಲ್ಲಂಘಿಸಿದವರ ಪಟ್ಟಿ ಕೊಡಿ ಎಂದು ಬರೆಯಬೇಡಿ. ಅಂಥ ಪಟ್ಟಿ ನಮ್ಮಲ್ಲಿಲ್ಲ ಎಂಬ ಒಂದು ಸಾಲಿನ ಉತ್ತರಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.